ಹಳೆಯ ಮೋಟಾರ್ ಸೈಕಲ್ಲಿನ ಒಡೆದ ಪ್ಲಾಸ್ಟಿಕ್ ಹೊದಿಕೆ: ದುರಸ್ತಿಯ ಪಾಠ



ಕಾಫಿ ಕೊಯ್ಲು, ಅಡಿಕೆ ಸುಲಿತಗಳು ಮುಗಿದು ಕೈಗೆ ನಾಲ್ಕು ದಿನ ಬಿಡುವು ಸಿಕ್ಕಿದೊಡನೆ ನಮ್ಮಲ್ಲಿ ಹಲವರು ಹಳೆಯ ಮೋಟಾರ್ ಸೈಕಲ್ಲನ್ನು ಒರೆಸಿ, ಎಣ್ಣೆ ಬದಲಿಸಿ, ಉತ್ತರದ ಕಡೆ ಯಾತ್ರೆ ಹೊರಡುವುದುಂಟು. ಕೆಲವರು ನಿಪ್ಪಾಣಿಯ ಮೇಲೆ ಹಾದು ಕೊಲ್ಹಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆ ಹೋಗುತ್ತಾರೆ. ಕೆಲವರು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಒಳಹಾದಿ ಹಿಡಿದು ಮಿರಜ, ಪಂಢರಪುರಗಳತ್ತ ಸಾಗುತ್ತಾರೆ. ಆ ಸೀಮೆಯಲ್ಲಿ ನಮ್ಮ ಕಾಫಿಯೂ ಇಲ್ಲ, ನಮ್ಮಂಥ ಅಡಿಕೆ ತೋಟಗಳೂ ಇಲ್ಲ. ಅದು ಕೃಷ್ಣೆಯ ನೀರುಂಡ ಕಬ್ಬಿನ ನಾಡು, ನಿಪ್ಪಾಣಿಯ ಸುತ್ತ ತಂಬಾಕಿನ ನಾಡು. ನಮಗೆ ಬಿಡುವು ದೊರೆಯುವ ತಿಂಗಳುಗಳಲ್ಲೇ ಅಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುತ್ತಿರುತ್ತವೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದಿನ ದೀಪ ಕಾಣದಷ್ಟು ಕಬ್ಬು ಹೇರಿಕೊಂಡು ಹೋಗುವ ಗಾಡಿಗಳು, ಅವುಗಳಿಂದ ಉದುರಿದ ಕಬ್ಬಿನ ಜಲ್ಲೆಗಳು, ಬಣ್ಣ ಬಳಿಯದ ರಸ್ತೆ ಉಬ್ಬುಗಳು ಇವೆಲ್ಲ ಪರವೂರಿನ ಸವಾರನಿಗೆ ಎದುರಾಗುತ್ತವೆ.

ಇಂಥ ರಸ್ತೆಯಲ್ಲಿ ನಿಧಾನದ ವೇಗದಲ್ಲಿ ಗಾಡಿ ಒಂದು ಮಗ್ಗುಲಿಗೆ ಬಿದ್ದರೆ ಆಗುವ ನಷ್ಟ ವಿಚಿತ್ರವಾದುದು. ಎಂಜಿನ್ ಕ್ಷೇಮ, ಚಾಸಿಸ್ ಕ್ಷೇಮ, ದೇವರ ದಯೆಯಿಂದ ಸವಾರನೂ ಕ್ಷೇಮ. ಆದರೆ ಮುಂಭಾಗದ ಡೂಮ್, ಫೇರಿಂಗ್ ಹಾಗೂ ಸೈಡ್ ಕವರುಗಳು ಸೀಳಿ ಹೋಗಿರುತ್ತವೆ. ಗ್ಯಾರೇಜಿಗೆ ಒಯ್ದರೆ "ಇಡೀ ಸೆಟ್ ಬದಲಿಸಬೇಕು" ಎನ್ನುತ್ತಾರೆ. ಹಳೆಯ ಮಾದರಿಗೆ ಆ ಸೆಟ್ ಸಿಗುವುದು ದುರ್ಲಭ. ಸಿಕ್ಕರೂ ಬೆಲೆ ಕೇಳಿದ ಮೇಲೆ ಗಾಡಿಯನ್ನೇ ಗುಜರಿಗೆ ಹಾಕೋಣ ಎನ್ನಿಸುತ್ತದೆ. ಇನ್ನೂ ಹತ್ತು ವರ್ಷ ದುಡಿಯಬಲ್ಲ ಎಂಜಿನ್ ಒಂದು ಪ್ಲಾಸ್ಟಿಕ್ ಚಿಪ್ಪಿಗಾಗಿ ಕೊಟ್ಟಿಗೆಯ ಮೂಲೆ ಸೇರುವುದು ಸಣ್ಣ ಹಿಡುವಳಿದಾರನಿಗೆ ಸಣ್ಣ ನಷ್ಟವಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ದುರಸ್ತಿಯನ್ನು ಕುರಿತು ಕ್ರಮವಾಗಿ ವಿವರಿಸಲು ಉದ್ದೇಶಿಸಿದ್ದೇವೆ.

ಪಾಠದ ತಿರುಳನ್ನು ಮೊದಲೇ ಹೇಳಿಬಿಡುತ್ತೇವೆ. ಕಾಫಿಯ ಬಿಳಿ ಕಾಂಡಕೊರಕಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದರೆ ಫಲವಿಲ್ಲ; ಅಡಿಕೆಯ ಕೊಳೆರೋಗಕ್ಕೆ ಅದೇ ದ್ರಾವಣ ರಾಮಬಾಣ. ಹಾಗೆಯೇ ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಅದರ ಜಾತಿಯನ್ನು ಅರಿತು ತಕ್ಕ ಮದ್ದು ಹಾಕಿದರೆ ಬೆಸುಗೆ ಬಹುಕಾಲ ನಿಲ್ಲುತ್ತದೆ. ಅರಿಯದೆ ಅಂಗಡಿಯಲ್ಲಿ ಸಿಕ್ಕ ಅಂಟನ್ನು ಮೆತ್ತಿದರೆ ಮುಂದಿನ ರಸ್ತೆ ಉಬ್ಬಿನಲ್ಲೇ ಬಿಟ್ಟುಕೊಳ್ಳುತ್ತದೆ.

1. ಪ್ಲಾಸ್ಟಿಕ್ ಹೊದಿಕೆ ಬಂದ ಬಗೆ

ನಮ್ಮ ನಾಡಿನ ಹೆಮ್ಮೆಯಾಗಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961 ರಿಂದ ಜಾವಾ ಗಾಡಿಗಳನ್ನೂ 1973 ರಿಂದ ಯೆಜ್ಡಿ ಹೆಸರಿನ ಗಾಡಿಗಳನ್ನೂ ತಯಾರಿಸಿ 1996 ರಲ್ಲಿ ಮುಚ್ಚಿತು. ಆ ಗಾಡಿಗಳ ಮೈಯೆಲ್ಲ ಬಹುಮಟ್ಟಿಗೆ ಉಕ್ಕಿನ ತಗಡು. ತಗ್ಗಾದರೆ ಬಡಿದು ಸರಿಪಡಿಸಬಹುದಿತ್ತು, ತೂತಾದರೆ ಗ್ಯಾಸ್ ವೆಲ್ಡಿಂಗ್ ಇತ್ತು. ಆದ್ದರಿಂದ ನಮ್ಮ ಹಳೆಯ ಮೆಕ್ಯಾನಿಕ್ಕುಗಳ ಕೈ ತಗಡಿಗೆ ಪಳಗಿದ ಕೈ.

ದೂರಪ್ರಯಾಣದ ಮೋಟಾರ್ ಸೈಕಲ್ಲಿಗೆ ಗಾಳಿ ತಡೆಯುವ ಹೊದಿಕೆ ತೊಡಿಸುವ ಪದ್ಧತಿ ಹೊರದೇಶಗಳಲ್ಲಿ ಬಲವಾಯಿತು. ಜರ್ಮನಿಯ ಬಿಎಂಡಬ್ಲ್ಯು ಕಂಪನಿ 1976 ರಲ್ಲಿ ಆರ್ 100 ಆರ್‌ಎಸ್ ಗಾಡಿಯನ್ನು ಪೂರ್ಣ ಫೇರಿಂಗ್ ಸಹಿತ ಕಾರ್ಖಾನೆಯಿಂದಲೇ ಹೊರತಂದಿತು. ಜಪಾನಿನ ಹೋಂಡಾ ಕಂಪನಿಯ ಗೋಲ್ಡ್ ವಿಂಗ್ 1975 ರಲ್ಲಿ ಹೊದಿಕೆಯಿಲ್ಲದೆ ಬಂದಿತ್ತು. 1980 ರಲ್ಲಿ ಅದರ ಇಂಟರ್‌ಸ್ಟೇಟ್ ಮಾದರಿಗೆ ಫೇರಿಂಗ್ ಮತ್ತು ಸಾಮಾನಿನ ಪೆಟ್ಟಿಗೆಗಳನ್ನು ಕಾರ್ಖಾನೆಯಲ್ಲೇ ಜೋಡಿಸಿ ಕೊಡಲಾಯಿತು. ನಮ್ಮ ದೇಶದಲ್ಲಿ 1984 ರ ಕೈನೆಟಿಕ್ ಹೋಂಡಾ ಸ್ಕೂಟರು ಪ್ಲಾಸ್ಟಿಕ್ ಮೈಯನ್ನು ಮನೆಮನೆಗೆ ಪರಿಚಯಿಸಿತು. 1985 ರ ಯಮಹಾ ಆರ್‌ಎಕ್ಸ್ 100 ಮೊದಲಾದ ಗಾಡಿಗಳಲ್ಲಿ ಸೈಡ್ ಕವರು ಪ್ಲಾಸ್ಟಿಕ್ಕಾಯಿತು. 2003 ರಲ್ಲಿ ಬಂದ 223 ಸಿಸಿಯ ಹೀರೋ ಹೋಂಡಾ ಕರಿಜ್ಮಾ ಅರ್ಧ ಫೇರಿಂಗ್ ತೊಟ್ಟು, ದೂರಪ್ರಯಾಣದ ಹುಚ್ಚಿದ್ದ ನಮ್ಮ ತರುಣರ ಮನಸ್ಸನ್ನು ಗೆದ್ದಿತು. ಆ ತರುಣರಿಗೆ ಈಗ ನಡುವಯಸ್ಸು. ಗಾಡಿಗೂ ಇಪ್ಪತ್ತು ದಾಟಿದೆ. ಇಂಥ ಗಾಡಿಗಳೇ ಇಂದು ನಮ್ಮ ಸದಸ್ಯರ ಮನೆಗಳಲ್ಲಿ ಹೆಚ್ಚಾಗಿ ಉಳಿದುಕೊಂಡಿವೆ.

2. ಬಿದ್ದ ಸ್ಥಳದಲ್ಲಿ ಮಾಡಬೇಕಾದುದು

ಮೊದಲು ಸವಾರ, ನಂತರ ಗಾಡಿ. ಗಾಯವಿಲ್ಲವೆಂದು ಖಚಿತವಾದ ಮೇಲೆ ಉದುರಿದ ಚೂರುಗಳನ್ನು, ಬೆರಳುಗುರಿನಷ್ಟು ಚಿಕ್ಕವನ್ನೂ ಬಿಡದೆ, ಆರಿಸಿ ಚೀಲಕ್ಕೆ ಹಾಕಿಕೊಳ್ಳಿರಿ. ಈ ಚೂರುಗಳಿಗೆ ಮೂರು ಉಪಯೋಗಗಳಿವೆ. ಜೋಡಿಸಿದಾಗ ಮೂಲ ಆಕಾರ ತಿಳಿಯುತ್ತದೆ. ಪ್ಲಾಸ್ಟಿಕ್ಕಿನ ಜಾತಿ ಪರೀಕ್ಷೆಗೆ ಮಾದರಿಯಾಗುತ್ತವೆ. ಮುಂದೆ ಹೇಳಲಿರುವಂತೆ ಕೆಲವು ಸಂದರ್ಭಗಳಲ್ಲಿ ಅವೇ ಬೆಸುಗೆಯ ಸಾಮಗ್ರಿಯೂ ಆಗುತ್ತವೆ.

ಎರಡನೆಯದಾಗಿ, ಹ್ಯಾಂಡಲನ್ನು ಎಡತುದಿಯಿಂದ ಬಲತುದಿಯವರೆಗೆ ಪೂರ್ತಿ ತಿರುಗಿಸಿ ನೋಡಿರಿ. ಸೀಳಿದ ಫೇರಿಂಗ್ ಒಳಕ್ಕೆ ಬಾಗಿ ಹ್ಯಾಂಡಲಿಗಾಗಲಿ, ಬ್ರೇಕು, ಕ್ಲಚ್, ಆಕ್ಸಲರೇಟರ್ ಕೇಬಲ್ಲುಗಳಿಗಾಗಲಿ ತಗುಲುತ್ತಿದ್ದರೆ ಆ ಗಾಡಿಯನ್ನು ಹಾಗೆಯೇ ಓಡಿಸಕೂಡದು. ಚಕ್ರಕ್ಕೆ ತಗುಲುವ ಭಾಗವಿದ್ದರೆ ಬಿಚ್ಚಿ ಕಟ್ಟಿಕೊಂಡು ಹೋಗುವುದೇ ಕ್ಷೇಮ. ಒಡೆದ ಹೊದಿಕೆ ನೋಡಲು ಚೆನ್ನಾಗಿಲ್ಲವೆಂಬುದು ಸಣ್ಣ ಮಾತು. ಅದು ತಿರುವಿನಲ್ಲಿ ಹ್ಯಾಂಡಲನ್ನು ಹಿಡಿದು ನಿಲ್ಲಿಸಬಹುದೆಂಬುದೇ ದೊಡ್ಡ ಮಾತು.

ಮನೆ ತಲುಪುವವರೆಗಿನ ತಾತ್ಕಾಲಿಕ ಉಪಾಯವೆಂದರೆ ಹೊಲಿಗೆ. ಈ ಸೀಮೆಯಲ್ಲಿ, ವಿಶೇಷವಾಗಿ ಅಥಣಿ, ನಿಪ್ಪಾಣಿಗಳಲ್ಲಿ, ಕೊಲ್ಹಾಪುರಿ ಚಪ್ಪಲಿ ತಯಾರಿಸುವ ಕುಶಲಕರ್ಮಿಗಳ ಹಳೆಯ ಪರಂಪರೆಯಿದೆ. ಈ ಚಪ್ಪಲಿಗೆ ದೊರೆತಿರುವ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ. ದಬ್ಬಳ, ನೈಲಾನ್ ದಾರ ಬಲ್ಲ ಕೈಗೆ ಸೀಳಿದ ಪ್ಲಾಸ್ಟಿಕ್ಕನ್ನು ಹೊಲಿಯುವುದು ಕಷ್ಟವಲ್ಲ. ಸೀಳಿನ ಎರಡೂ ಮಗ್ಗುಲಲ್ಲಿ ಅಂಚಿನಿಂದ ಸುಮಾರು 8 ರಿಂದ 10 ಮಿಲಿಮೀಟರ್ ಬಿಟ್ಟು ರಂಧ್ರ ಮಾಡಿ, ನೈಲಾನ್ ದಾರ ಅಥವಾ ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದರೆ ಊರು ಸೇರಬಹುದು. ಅಂಚಿಗೆ ತೀರ ಹತ್ತಿರ ರಂಧ್ರ ಮಾಡಿದರೆ ಅಂಚೇ ಹರಿದು ಹೋಗುತ್ತದೆ. ಯಾವ ಹೊಲಿಗೆಗೂ ಗಟ್ಟಿ ಅಂಚು ಬೇಕೆಂಬುದು ಚರ್ಮಕ್ಕೂ ಪ್ಲಾಸ್ಟಿಕ್ಕಿಗೂ ಸಮಾನವಾದ ನಿಯಮ. ದಾರಿಯಲ್ಲಿ ಬೇಗ ಅಂಟುವ ದ್ರವವನ್ನು ಸೀಳಿನ ತುಂಬ ಸುರಿಯಬೇಡಿರಿ. ಮುಂದೆ ಸರಿಯಾದ ಬೆಸುಗೆ ಮಾಡುವಾಗ ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ.

3. ಜಾತಿ ಪರೀಕ್ಷೆ

ಭಾಗವನ್ನು ಬಿಚ್ಚಿ ಹಿಂಬದಿಯನ್ನು ನೋಡಿರಿ. ಪ್ಲಾಸ್ಟಿಕ್ಕಿನ ಜಾತಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಬಿಎಸ್, ಪಿಪಿ, ಪಿಸಿ ಎಂದು ಅಚ್ಚೊತ್ತಿರುವುದುಂಟು. ಈ ಗುರುತಿಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1993 ರಲ್ಲಿ. ಅದಕ್ಕಿಂತ ಹಳೆಯ ಭಾಗಗಳಲ್ಲಿ ಗುರುತು ಇಲ್ಲದಿರಬಹುದು. ಆಗ ಕೆಳಗಿನ ಪರೀಕ್ಷೆಗಳನ್ನು ಮಾಡಬೇಕು.

ಮೊದಲನೆಯದು ಕಣ್ಣಿನ ಪರೀಕ್ಷೆ. ಒಳಮೈ ಒರಟಾಗಿದ್ದು ಅದರಲ್ಲಿ ನಾರಿನ ಎಳೆಗಳು ಕಂಡರೆ, ಒಡೆದ ಅಂಚಿನಲ್ಲಿ ಬಿಳಿಯ ಸಿಬಿರುಗಳು ಎದ್ದಿದ್ದರೆ, ಅದು ಫೈಬರ್ ಗ್ಲಾಸ್, ಅಂದರೆ ಗಾಜುನಾರು. ಹಿಂದೆ ಹೊರಗಿನಿಂದ ಕೊಂಡು ಜೋಡಿಸುತ್ತಿದ್ದ ಫೇರಿಂಗ್ ಹಾಗೂ ಪೆಟ್ಟಿಗೆಗಳಲ್ಲಿ ಇದನ್ನು ಕಾಣಬಹುದು. ಎರಡೂ ಮೈ ನುಣುಪಾಗಿದ್ದರೆ ಮುಂದಿನ ಪರೀಕ್ಷೆಗೆ ಹೋಗಿರಿ.

ಎರಡನೆಯದು ನೀರಿನ ಪರೀಕ್ಷೆ. ಬಣ್ಣ ಕೆರೆದ ಒಂದು ಚೂರನ್ನು ಎರಡು ಹನಿ ಸಾಬೂನು ಬೆರೆಸಿದ ನೀರಿನಲ್ಲಿ ಮುಳುಗಿಸಿ ಬಿಡಿರಿ. ಪಾಲಿಪ್ರೊಪಿಲೀನ್, ಅಂದರೆ ಪಿಪಿ, ನೀರಿಗಿಂತ ಹಗುರ. ಅದರ ಸಾಂದ್ರತೆ ಸುಮಾರು 0.9. ಆದ್ದರಿಂದ ತೇಲುತ್ತದೆ. ಎಬಿಎಸ್ ಸಾಂದ್ರತೆ ಸುಮಾರು 1.05, ಅದು ಮುಳುಗುತ್ತದೆ. ಪಾಲಿಕಾರ್ಬೊನೇಟ್ ಸುಮಾರು 1.2, ಅದೂ ಮುಳುಗುತ್ತದೆ. ಪುಡಿ ಬೆರೆಸಿ ಗಟ್ಟಿಗೊಳಿಸಿದ ಪಿಪಿಯೂ ಕೆಲವೊಮ್ಮೆ ಮುಳುಗುವುದರಿಂದ ಈ ಒಂದನ್ನೇ ನಂಬಕೂಡದು.

ಮೂರನೆಯದು ಅಸಿಟೋನ್ ಪರೀಕ್ಷೆ. ಭಾಗದ ಹಿಂಬದಿಯ ಮರೆಯಲ್ಲಿ, ಬಣ್ಣವಿಲ್ಲದ ಕಡೆ, ಅಸಿಟೋನ್ ಅದ್ದಿದ ಹತ್ತಿಯನ್ನು ಕೆಲವು ಕ್ಷಣ ಒತ್ತಿರಿ. ಎಬಿಎಸ್ ಆಗಿದ್ದರೆ ಮೈ ಕರಗಿ ಬೆರಳಿಗೆ ಅಂಟಂಟಾಗುತ್ತದೆ. ಪಿಪಿ ಆಗಿದ್ದರೆ ಏನೂ ಆಗುವುದಿಲ್ಲ.

ಬೆಂಕಿ ಹಚ್ಚಿ ಮೂಸಿ ನೋಡುವ ನಾಲ್ಕನೆಯ ಪರೀಕ್ಷೆಯೊಂದು ಗ್ಯಾರೇಜುಗಳಲ್ಲಿ ರೂಢಿಯಲ್ಲಿದೆ. ಪಿಪಿ ಮೇಣದಬತ್ತಿಯಂತೆ ಉರಿದು ಹನಿಯುತ್ತದೆ. ಎಬಿಎಸ್ ಕರಿಯ ಮಸಿ ಕಾರುತ್ತ ಉರಿಯುತ್ತದೆ. ಆದರೆ ಎಬಿಎಸ್ ಹೊಗೆಯಲ್ಲಿ ಸಯನೈಡ್ ಜಾತಿಯ ವಿಷಾನಿಲವೂ ಇರುತ್ತದೆ. ಮೊದಲ ಮೂರು ಪರೀಕ್ಷೆಗಳಿಂದ ತಿಳಿಯುವುದನ್ನು ತಿಳಿಯಲು ವಿಷ ಮೂಸುವ ಅಗತ್ಯವಿಲ್ಲ.

ಸಾಮಾನ್ಯವಾಗಿ ಬಣ್ಣ ಬಳಿದ, ಹೊಳಪುಳ್ಳ ಹೊರ ಭಾಗಗಳು ಎಬಿಎಸ್. ಬಣ್ಣವಿಲ್ಲದ, ಬಗ್ಗುವ ಕಪ್ಪು ಒಳಭಾಗಗಳು ಪಿಪಿ. ಆದರೂ ಪರೀಕ್ಷಿಸಿಯೇ ಮುಂದುವರಿಯತಕ್ಕದ್ದು.

4. ಎಲ್ಲ ಜಾತಿಗೂ ಸಮಾನವಾದ ಪೂರ್ವಸಿದ್ಧತೆ

ಸಾಬೂನು, ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಎಣ್ಣೆ ಪಸೆ, ಪಾಲಿಶ್ ಎಲ್ಲವನ್ನೂ ತೆಗೆದು ಪೂರ್ತಿ ಒಣಗಿಸಿರಿ. ಕೊಳೆಯ ಮೇಲೆ ಮಾಡಿದ ಬೆಸುಗೆ ಕೊಳೆಗೆ ಹಿಡಿಯುತ್ತದೆಯೇ ಹೊರತು ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ.

ಬಳಿಕ ಬಿರುಕಿನ ಕೊನೆಯನ್ನು ಹುಡುಕಿರಿ. ಬರಿಗಣ್ಣಿಗೆ ಕಾಣುವ ತುದಿಗಿಂತ ಬಿರುಕು ಸ್ವಲ್ಪ ಮುಂದೆಯೇ ಹೋಗಿರುತ್ತದೆ. ಭಾಗವನ್ನು ಮೆಲ್ಲಗೆ ಬಾಗಿಸಿ ಬೆಳಕಿಗೆ ಹಿಡಿದರೆ ತುದಿ ಗೊತ್ತಾಗುತ್ತದೆ. ಆ ತುದಿಯಲ್ಲಿ 2 ಅಥವಾ 3 ಮಿಲಿಮೀಟರಿನ ಒಂದು ತಡೆ ರಂಧ್ರ ಕೊರೆಯಿರಿ. ಚೂಪಾದ ತುದಿಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿನಲ್ಲಿ ಸೇರುವುದರಿಂದ ಬಿರುಕು ಮುಂದುವರಿಯುತ್ತದೆ. ದುಂಡನೆಯ ರಂಧ್ರದ ಸುತ್ತ ಒತ್ತಡ ಹಂಚಿಹೋಗಿ ಬಿರುಕು ಅಲ್ಲಿಗೆ ನಿಲ್ಲುತ್ತದೆ. ಈ ಒಂದು ರಂಧ್ರ ಕೊರೆಯದ ಕಾರಣಕ್ಕೆ ಎಷ್ಟೋ ಒಳ್ಳೆಯ ಬೆಸುಗೆಗಳ ಪಕ್ಕದಲ್ಲೇ ಹೊಸ ಬಿರುಕು ಮೂಡುತ್ತದೆ.

ಆಮೇಲೆ ಚೂರುಗಳನ್ನು ಜೋಡಿಸಿ, ಹೊರಮೈಗೆ ಟೇಪ್ ಅಂಟಿಸಿ ಆಕಾರ ನಿಲ್ಲಿಸಿರಿ. ಒಳಮೈಯಲ್ಲಿ ಬಿರುಕಿನ ಉದ್ದಕ್ಕೂ ದಪ್ಪದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಳದವರೆಗೆ, ನೇಗಿಲ ಸಾಲಿನಂತೆ ಇಳಿಜಾರಾದ ಒಂದು ಗಾಡಿ ಕೆತ್ತಿರಿ. ಅದರ ಸುತ್ತ ಎರಡು ಬೆರಳಗಲ ಒರಟು ಮರಳು ಕಾಗದದಿಂದ ಉಜ್ಜಿ ಮೈ ಒರಟು ಮಾಡಿರಿ. ಬೆಸುಗೆಯ ಬಲವೆಲ್ಲ ಒಳಮೈಯಲ್ಲಿರಬೇಕು; ಹೊರಮೈಯಲ್ಲಿ ಇರಬೇಕಾದದ್ದು ಅಂದ ಮಾತ್ರ.

5. ಎಬಿಎಸ್ ಭಾಗದ ಬೆಸುಗೆ

ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆಂಬ ಗುಣವೇ ಅದರ ದುರಸ್ತಿಯ ಕೀಲಿಕೈ. ಒಡೆದ ಭಾಗದ ನಿರುಪಯುಕ್ತ ಚೂರುಗಳನ್ನು, ಅಥವಾ ಗುಜರಿಯಿಂದ ತಂದ ಮತ್ತೊಂದು ಎಬಿಎಸ್ ಭಾಗವನ್ನು ಬಣ್ಣ ಕೆರೆದು ಸಣ್ಣಗೆ ಕತ್ತರಿಸಿ, ಗಾಜಿನ ಸೀಸೆಯಲ್ಲಿ ಹಾಕಿ, ಮುಳುಗುವಷ್ಟು ಅಸಿಟೋನ್ ಸುರಿದು, ಮುಚ್ಚಳ ಬಿಗಿದು ಒಂದು ರಾತ್ರಿ ಬಿಡಿರಿ. ಮರುದಿನ ಕಡ್ಡಿಯಿಂದ ಕಲಕಿದರೆ ಜೇನುತುಪ್ಪದ ಹದ ಬಂದಿರಬೇಕು. ತೆಳುವಾದರೆ ಚೂರು ಸೇರಿಸಿ, ಗಟ್ಟಿಯಾದರೆ ಅಸಿಟೋನ್ ಸೇರಿಸಿ.

ಬಿರುಕಿನ ಗಾಡಿಗೆ ಮೊದಲು ಬರಿಯ ಅಸಿಟೋನನ್ನು ಕುಂಚದಿಂದ ಒಂದು ಸಲ ಸವರಿ ಮೈ ಮೆತ್ತಗಾದೊಡನೆ ಈ ಪಾಕವನ್ನು ತೆಳುವಾಗಿ ತುಂಬಿರಿ. ಒಂದೇ ಸಲ ದಪ್ಪಗೆ ತುಂಬಿದರೆ ಮೇಲ್ಪದರ ಗಟ್ಟಿಯಾಗಿ ಒಳಗೆ ಅಸಿಟೋನ್ ಸಿಕ್ಕಿಕೊಂಡು ಗುಳ್ಳೆಗಳೇಳುತ್ತವೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು, ಹೀಗೆ ಮೂರು ನಾಲ್ಕು ಪದರ ಹಾಕಿರಿ. ಒಣಗಿದಂತೆ ಪಾಕ ಕುಗ್ಗುವುದರಿಂದ ಮಟ್ಟಕ್ಕಿಂತ ತುಸು ಮೇಲೆಯೇ ತುಂಬಿರಬೇಕು. ಕೊನೆಯ ಎರಡು ಪದರಗಳ ನಡುವೆ ಗಾಜುನಾರಿನ ಬಟ್ಟೆಯ ಒಂದು ಪಟ್ಟಿಯನ್ನು ಅಥವಾ ತೆಳು ಸ್ಟೀಲ್ ಜಾಲರಿಯನ್ನು ಕೂರಿಸಿದರೆ ಜೋಡಣೆ ಬಹಳ ಬಲವಾಗುತ್ತದೆ. ಕನಿಷ್ಠ ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಿರಿ. ದಪ್ಪ ಬೆಸುಗೆಗೆ ಇನ್ನೂ ಎರಡು ದಿನ ಕೊಟ್ಟರೆ ಒಳ್ಳೆಯದು.

ಇದು ಅಂಟಿಸುವ ಕೆಲಸವಲ್ಲ, ಬೆಸೆಯುವ ಕೆಲಸ. ಎರಡು ಅಂಚುಗಳೂ ಪಾಕವೂ ಕರಗಿ ಒಂದೇ ವಸ್ತುವಾಗುತ್ತವೆ. ಪೇಟೆಯ ಬೇಗ ಅಂಟುವ ದ್ರವವನ್ನು ಚೂರುಗಳನ್ನು ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸಲು ಒಂದೊಂದು ಹನಿ ಬಳಸಬಹುದು. ಆದರೆ ಅದು ಗಾಜಿನಂತೆ ಪೆಡಸಾಗುವುದರಿಂದ ಎಂಜಿನ್ನಿನ ಅದುರುವಿಕೆಯನ್ನು ತಾಳಲಾರದು.

ಎಚ್ಚರಿಕೆ: ಅಸಿಟೋನಿನ ಆವಿ ಪೆಟ್ರೋಲಿನ ಆವಿಯಂತೆಯೇ ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆ ಹರಿದು ದೂರದ ಒಲೆಯ ಕಿಡಿಯನ್ನೂ ಹಿಡಿಯಬಲ್ಲುದು. ಅಡಿಕೆ ಬೇಯಿಸುವ ಒಲೆ, ಬೀಡಿ, ಸಿಗರೇಟು ಯಾವುದೂ ಹತ್ತಿರವಿರಕೂಡದು. ಗಾಳಿಯಾಡುವ ಜಗುಲಿಯಲ್ಲಿ ಕುಳಿತು ಕೆಲಸ ಮಾಡಿರಿ. ಸೀಸೆಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆಟುಕದಂತೆ ಇಡಿರಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸ ಬೇಡ. ಅಸಿಟೋನ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂತು ಬೆಸುಗೆ ಬೆಳ್ಳಗಾಗುತ್ತದೆ, ಬಲವೂ ಕುಂದುತ್ತದೆ.

6. ಪಿಪಿ ಭಾಗದ ಬೆಸುಗೆ

ಪಿಪಿಗೆ ಅಂಟು ಹಿಡಿಯುವುದೇ ಕಷ್ಟ. ಎರಡು ಮುದ್ದೆ ಕಲಸಿ ಹಚ್ಚುವ ಎಪಾಕ್ಸಿಯೂ ಸಿಪ್ಪೆಯಂತೆ ಎದ್ದು ಬರುತ್ತದೆ. ಇದಕ್ಕೆ ಕಾಯಿಸಿ ಬೆಸೆಯುವುದೇ ಮಾರ್ಗ. ಪಿಪಿ ಸುಮಾರು 160 ರಿಂದ 165 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ರೇಡಿಯೋ ರಿಪೇರಿಯ ಸೋಲ್ಡರಿಂಗ್ ಐರನ್ ಪೂರ್ತಿ ಕಾದರೆ ಇದರ ಎರಡು ಪಟ್ಟು ಬಿಸಿ ಮುಟ್ಟಬಲ್ಲುದು. ಆಗ ಪ್ಲಾಸ್ಟಿಕ್ ಕರಗುವ ಬದಲು ಸುಡುತ್ತದೆ. ಆದ್ದರಿಂದ ಬಿಸಿ ಹೆಚ್ಚು ಕಡಿಮೆ ಮಾಡಬಹುದಾದ ಐರನ್ ಉತ್ತಮ. ಹೊಗೆ ಎದ್ದರೆ ಬಿಸಿ ಹೆಚ್ಚಾಯಿತೆಂದೇ ಅರ್ಥ.

ತುಂಬುವ ಕಡ್ಡಿಯೂ ಪಿಪಿಯೇ ಆಗಿರಬೇಕು. ಮನೆಯಲ್ಲಿ ಒಡೆದ ಡಬ್ಬಿ, ಮುಚ್ಚಳಗಳ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿಯಿದ್ದರೆ ಅದು ಪಿಪಿ. 2 ಎಂದಿದ್ದರೆ ಅದು ಗಟ್ಟಿ ಪಾಲಿಥೀನ್. ನಮ್ಮ ಬೆನ್ನಿಗೇರಿಸುವ ಸ್ಪ್ರೇಯರುಗಳ ಟ್ಯಾಂಕು, ಡ್ರಮ್ಮುಗಳು ಹೆಚ್ಚಾಗಿ ಈ ಜಾತಿಯವು. ನೋಡಲು ಒಂದೇ ತೆರನಾದರೂ 2 ಮತ್ತು 5 ಒಂದಕ್ಕೊಂದು ಬೆಸೆಯುವುದಿಲ್ಲ. ಪಿಪಿಗೆ ಪಿಪಿ, ಪಾಲಿಥೀನಿಗೆ ಪಾಲಿಥೀನ್ ಎಂಬುದನ್ನು ನೆನಪಿಡಿರಿ.

ಮೊದಲು ಬಿರುಕಿನ ಎರಡು ಅಂಚುಗಳನ್ನೂ ಐರನ್ ತುದಿಯಿಂದ ಅಡ್ಡಡ್ಡಲಾಗಿ ಎಳೆದು ಅಲ್ಲಲ್ಲಿ ಬೆಸೆಯಿರಿ. ಬಳಿಕ ಕಡ್ಡಿಯನ್ನು ಕರಗಿಸುತ್ತ ಗಾಡಿಯನ್ನು ತುಂಬಿರಿ. ಕಡ್ಡಿ ಮಾತ್ರ ಕರಗಿ ತಳ ಕರಗದಿದ್ದರೆ ಬೆಸುಗೆಯಾಗದು. ತಳವೂ ಕಡ್ಡಿಯೂ ಒಟ್ಟಿಗೆ ಹೊಳಪೇರಬೇಕು. ಹೆಚ್ಚಿನ ಬಲಕ್ಕೆ ಒಳಮೈಯಲ್ಲಿ ಬಿರುಕಿಗೆ ಅಡ್ಡಲಾಗಿ ಸ್ಟೀಲಿನ ಸಣ್ಣ ತಂತಿ ಪಿನ್ನುಗಳನ್ನು ಕಾಯಿಸಿ ಅರ್ಧ ದಪ್ಪಕ್ಕೆ ಇಳಿಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿರಿ. ಸಾಮಾನ್ಯ ಕಬ್ಬಿಣದ ಪಿನ್ನು ನಮ್ಮ ಹವೆಗೆ ತುಕ್ಕು ಹಿಡಿಯುವುದರಿಂದ ತುಕ್ಕು ಹಿಡಿಯದ ಸ್ಟೀಲೇ ಬೇಕು. ಇದೇ ಕೈಚಳಕದಿಂದ ಮನೆಯ ನೀರಿನ ಡ್ರಮ್ಮು, ತೋಟದ ಕ್ರೇಟುಗಳನ್ನೂ ಉಳಿಸಿಕೊಳ್ಳಬಹುದು. ಔಷಧಿ ತುಂಬಿದ್ದ ಸ್ಪ್ರೇಯರ್ ಟ್ಯಾಂಕನ್ನು ಮಾತ್ರ ಕಾಯಿಸಬಾರದು. ಪ್ಲಾಸ್ಟಿಕ್ಕಿನಲ್ಲಿ ಇಂಗಿದ ವಿಷ ಹೊಗೆಯಾಗಿ ನಮ್ಮ ಉಸಿರಿಗೇ ಬರುತ್ತದೆ.

7. ಗಾಜುನಾರಿನ ಭಾಗ

ಗಾಜುನಾರು ಕರಗುವುದೂ ಇಲ್ಲ, ಬಾಗುವುದೂ ಇಲ್ಲ. ಒಡೆದ ಅಂಚನ್ನು ಒಳಮೈಯಿಂದ ಇಳಿಜಾರಾಗಿ ಉಜ್ಜಿಕೊಳ್ಳಬೇಕು. ದಪ್ಪ ಒಂದಿದ್ದರೆ ಇಳಿಜಾರಿನ ಅಗಲ ಹನ್ನೆರಡು ಇರುವುದು ಉತ್ತಮ. ನಂತರ ಗಾಜುನಾರಿನ ಚಾಪೆಯನ್ನು ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ತುಂಡು ಕತ್ತರಿಸಿ ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ ಒಂದರ ಮೇಲೊಂದು ಕೂರಿಸಿ, ಕುಂಚದಿಂದ ಕುಟ್ಟಿ ಗಾಳಿಗುಳ್ಳೆ ಹೊರಡಿಸಬೇಕು. 100 ಗ್ರಾಂ ರಾಳಕ್ಕೆ ಗಟ್ಟಿಗೊಳಿಸುವ ದ್ರವ 1 ರಿಂದ 2 ಗ್ರಾಂ ಸಾಕು. ಬಿಸಿಲಿನ ದಿನ ಕಡಿಮೆ, ಚಳಿಯ ದಿನ ಸ್ವಲ್ಪ ಹೆಚ್ಚು.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯಿದೆ. ರಾಳದ ಜೊತೆ ಅಂಗಡಿಯವರು ಎರಡು ಸಣ್ಣ ಸೀಸೆ ಕೊಡುವುದುಂಟು. ಒಂದು ಕೋಬಾಲ್ಟ್ ವೇಗವರ್ಧಕ, ಇನ್ನೊಂದು ಗಟ್ಟಿಗೊಳಿಸುವ ಪೆರಾಕ್ಸೈಡ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದೆಂದಿಗೂ ಬೆರೆಸಕೂಡದು; ಸಿಡಿಯುತ್ತದೆ. ಮೊದಲು ಒಂದನ್ನು ರಾಳಕ್ಕೆ ಪೂರ್ತಿ ಕಲಕಿ, ಆಮೇಲೆ ಇನ್ನೊಂದನ್ನು ಹಾಕತಕ್ಕದ್ದು. ಪೆರಾಕ್ಸೈಡ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದಾದ್ದರಿಂದ ಕನ್ನಡಕ ಕಡ್ಡಾಯ. ಗಾಜಿನ ಧೂಳು ಒಳಸೇರದಂತೆ ಮುಖವಾಡ, ಕೈಗವಸು ತೊಟ್ಟು, ನೀರು ಹಾಕಿಕೊಂಡೇ ಉಜ್ಜಿರಿ. ಈ ರಾಳದ ಚಿಕಿತ್ಸೆ ಗಾಜುನಾರಿಗೆ ಮಾತ್ರ. ಪಿಪಿ ಮೇಲೆ ಇದು ನಿಲ್ಲುವುದಿಲ್ಲ.

8. ಮುರಿದ ಕಿವಿಗಳು

ಫೇರಿಂಗಿನ ನಡುಭಾಗಕ್ಕಿಂತ ಅದನ್ನು ಚಾಸಿಸ್ಸಿಗೆ ಹಿಡಿದಿರುವ ಕಿವಿಗಳೇ ಹೆಚ್ಚು ಮುರಿಯುತ್ತವೆ. ಬಿದ್ದಾಗ ಮುರಿಯುವುದು ಒಂದು ಕಾರಣ. ರಬ್ಬರ್ ಬುಷ್ ಸವೆದು ಬಿದ್ದುಹೋದದ್ದು, ಸ್ಕ್ರೂವನ್ನು ಅತಿಯಾಗಿ ಬಿಗಿದದ್ದು, ಒಂದು ಸ್ಕ್ರೂ ಕಳೆದು ಅದರ ಭಾರವನ್ನು ಉಳಿದವು ಹೊತ್ತದ್ದು ಬೇರೆ ಕಾರಣಗಳು. ಮರ ಬಾಡಿದರೆ ಬೇರನ್ನು ನೋಡುವಂತೆ ಇಲ್ಲಿ ಬುಷ್ಷನ್ನು ನೋಡಬೇಕು. ಕಾರಣ ಉಳಿಸಿಕೊಂಡು ಕಿವಿಯನ್ನು ಮಾತ್ರ ಬೆಸೆದರೆ ಅದು ಮತ್ತೆ ಮುರಿಯುತ್ತದೆ.

ಕಿವಿಯ ತುಂಡು ಸಿಕ್ಕಿದ್ದರೆ ಮೇಲಿನ ಕ್ರಮದಲ್ಲೇ ಬೆಸೆದು, ಎರಡು ಮಗ್ಗುಲಿಗೂ ಜಾಲರಿ ಹಾಕಿರಿ. ಕಳೆದುಹೋಗಿದ್ದರೆ ಅದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಹೊಸದನ್ನು ಕತ್ತರಿಸಿ ಕೂರಿಸಿ, ಬುಡವನ್ನು ಅಗಲ ಮಾಡಿರಿ. ರಂಧ್ರವನ್ನು ಗಾಡಿಗೆ ಜೋಡಿಸಿ ಗುರುತು ಮಾಡಿದ ನಂತರವೇ ಕೊರೆಯಬೇಕು. ಹೊಸ ರಬ್ಬರ್ ಬುಷ್, ಅಗಲವಾದ ವಾಷರ್ ಹಾಕಿ, ಸ್ಕ್ರೂವನ್ನು ರಬ್ಬರ್ ತುಸು ಅದುಮುವಷ್ಟು ಮಾತ್ರ ಬಿಗಿಯಿರಿ. ಎಲ್ಲ ಸ್ಕ್ರೂಗಳನ್ನೂ ಅರ್ಧರ್ಧ ಹತ್ತಿಸಿಕೊಂಡು ಕೊನೆಗೆ ಒಂದೊಂದಾಗಿ ಬಿಗಿದರೆ ಯಾವ ಕಿವಿಗೂ ಎಳೆತ ಬೀಳುವುದಿಲ್ಲ. ಜೋಡಿಸಿದ ಮೇಲೆ ಮತ್ತೊಮ್ಮೆ ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ ನೋಡುವುದನ್ನು ಮರೆಯಬಾರದು.

9. ಬಣ್ಣ

ಹೊರಮೈಯನ್ನು ಮೊದಲು 180, ಬಳಿಕ 320, ಕೊನೆಗೆ 600 ನಂಬರಿನ ವಾಟರ್ ಪೇಪರಿನಿಂದ ಉಜ್ಜಿ ಸಮ ಮಾಡಿರಿ. ಬೆರಳಿಗೆ ಸಿಗುವ ಏರುಪೇರು ಬಣ್ಣ ಬಿದ್ದ ಮೇಲೆ ಕಣ್ಣಿಗೂ ಸಿಗುತ್ತದೆ. ಪಿಪಿಗೆ ಬಣ್ಣ ಬಳಿಯುವುದಾದರೆ ಪ್ಲಾಸ್ಟಿಕ್ಕಿಗೆಂದೇ ಮಾರುವ ಹಿಡಿತದ ಪ್ರೈಮರ್ ಮೊದಲು ಬೇಕು. ಎಬಿಎಸ್‌ಗೆ ಸಾಮಾನ್ಯ ಪ್ಲಾಸ್ಟಿಕ್ ಪ್ರೈಮರ್ ಸಾಕು. ತೀಕ್ಷ್ಣವಾದ ಥಿನ್ನರನ್ನು ಧಾರಾಳವಾಗಿ ಬಳಸಿದರೆ ಎಬಿಎಸ್ ಮೈಯಲ್ಲಿ ಕೂದಲೆಳೆಯ ಬಿರುಕು ಹಬ್ಬುತ್ತದೆ. ಗಟ್ಟಿಗೊಳಿಸುವ ದ್ರವ ಬೆರೆಸಿ ಸಿಂಪಡಿಸುವ ಪಿಯು ಬಣ್ಣದಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುವುದರಿಂದ, ಆ ಕೆಲಸವನ್ನು ತಕ್ಕ ಮುಖವಾಡ, ಕೋಣೆಯುಳ್ಳ ಪೇಂಟರಿಗೇ ಒಪ್ಪಿಸಿರಿ. ಬಟ್ಟೆ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ.

ಬಣ್ಣ ಬರಿಯ ಅಲಂಕಾರವಲ್ಲ. ಬಿಸಿಲಿನ ಅತಿನೇರಳೆ ಕಿರಣ ಎಬಿಎಸ್‌ನ ಬಿಗುವನ್ನು ಕುಂದಿಸಿ ಪೆಡಸು ಮಾಡುತ್ತದೆ. ಬಣ್ಣದ ಪದರ ಅದಕ್ಕೊಂದು ನೆರಳು. ತೋಟಕ್ಕೆ ನೆರಳು ಮರ ಹೇಗೋ ಹಾಗೆ. ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸದಿರುವುದು ಎಲ್ಲಕ್ಕಿಂತ ಅಗ್ಗದ ಸಂರಕ್ಷಣೆ.

10. ದುರಸ್ತಿ ಮಾಡಬಾರದವು

ಕೈ ಪಳಗಿದ ಮೇಲೆ ಎಲ್ಲವನ್ನೂ ಬೆಸೆಯುವ ಉತ್ಸಾಹ ಹುಟ್ಟುತ್ತದೆ. ಅದಕ್ಕೆ ಮಿತಿ ಬೇಕು. ಬಿರುಕು ಬಿಟ್ಟ ಹೆಲ್ಮೆಟ್ಟನ್ನು ಎಂದಿಗೂ ಬೆಸೆಯಕೂಡದು. ಹೆಲ್ಮೆಟ್ಟಿನ ಚಿಪ್ಪೂ ಒಳಗಿನ ದಪ್ಪ ಥರ್ಮೊಕೋಲೂ ಒಂದು ಪೆಟ್ಟನ್ನು ತಾನುಂಡು ತಲೆಯನ್ನು ಉಳಿಸಲು ಮಾಡಿದವು. ಆ ಪೆಟ್ಟು ಬಿದ್ದ ಮೇಲೆ ಅವುಗಳ ಕೆಲಸ ಮುಗಿಯಿತು. ಹೊರಗೆ ಬಿರುಕು ಕಾಣದಿದ್ದರೂ ರಸ್ತೆಗೆ ಬಡಿದ ಹೆಲ್ಮೆಟ್ಟನ್ನು ಬದಲಿಸುವುದೇ ಸರಿ. ಐಎಸ್ 4151 ಮತ್ತು ಐಎಸ್ಐ ಗುರುತಿರುವುದನ್ನೇ ಕೊಳ್ಳಿರಿ. ಅಸಿಟೋನ್, ಪೆಟ್ರೋಲ್, ಥಿನ್ನರುಗಳಿಂದ ಹೆಲ್ಮೆಟ್ ಒರೆಸಿದರೆ ಕಣ್ಣಿಗೆ ಕಾಣದಂತೆ ಚಿಪ್ಪು ದುರ್ಬಲವಾಗುತ್ತದೆ. ಸಾಬೂನು ನೀರು ಸಾಕು. ಪೆಟ್ರೋಲ್ ತಾಗುವ ಪ್ಲಾಸ್ಟಿಕ್ ಭಾಗಗಳು, ಬ್ರೇಕಿನ ದ್ರವದ ಡಬ್ಬಿ, ಕಣ್ಣಿನ ನೇರಕ್ಕೆ ಸೀಳಿದ ಗಾಳಿಗಾಜು ಇವನ್ನೂ ಬದಲಿಸಬೇಕೇ ಹೊರತು ಬೆಸೆಯಬಾರದು.

11. ಕಾಗದ ಪತ್ರದ ಮಾತು

ಹಳೆಯ ಗಾಡಿಯನ್ನು ಎಲ್ಲರೂ "ವಿಂಟೇಜ್" ಎನ್ನುತ್ತಾರೆ. ಆದರೆ ಕೇಂದ್ರ ಸರ್ಕಾರ 2021 ರ ಜುಲೈಯಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ ದೊರೆಯುತ್ತದೆ. ಅದರ ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಮೊದಮೊದಲ ಯೆಜ್ಡಿಗಳು ಈಗ ಆ ವಯಸ್ಸನ್ನು ಮುಟ್ಟಿವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ದಿನವೂ ತೋಟಕ್ಕೆ, ಸಂಘಕ್ಕೆ ಓಡಾಡುವ ಸದಸ್ಯರು ಇದನ್ನು ಯೋಚಿಸಿ ಹೆಜ್ಜೆಯಿಡಬೇಕು. ಉಳಿದ ಖಾಸಗಿ ಗಾಡಿಗಳ ನೋಂದಣಿಯನ್ನು 15 ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಗಾಡಿಯ ಪರಿಶೀಲನೆ ನಡೆಯುತ್ತದೆ. ದೀಪ, ಇಂಡಿಕೇಟರುಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಭಾಗ ಭದ್ರವಾಗಿದ್ದರೆ ಆ ಕೆಲಸವೂ ಸುಗಮ.

12. ಸಾರಾಂಶ

ಚೂರು ಬಿಡದೆ ಆರಿಸಿರಿ. ಜಾತಿ ಪರೀಕ್ಷಿಸಿರಿ. ತೊಳೆದು ಒಣಗಿಸಿರಿ. ಬಿರುಕಿನ ತುದಿಗೆ ರಂಧ್ರ ಕೊರೆಯಿರಿ. ಎಬಿಎಸ್‌ಗೆ ಪಾಕ, ಪಿಪಿಗೆ ಕಾವು, ಗಾಜುನಾರಿಗೆ ರಾಳ. ಬಲ ಒಳಮೈಗೆ, ಅಂದ ಹೊರಮೈಗೆ. ರಬ್ಬರ್ ಬುಷ್ ಹೊಸದು ಹಾಕಿರಿ. ಹ್ಯಾಂಡಲ್ ತಿರುಗಿಸಿ ನೋಡಿರಿ. ಹೆಲ್ಮೆಟ್ಟನ್ನು ಬೆಸೆಯಬೇಡಿರಿ.

ಇದಕ್ಕೆ ಬೇಕಾದ ಸಾಮಗ್ರಿಗಳೆಲ್ಲ ಸಮೀಪದ ಪೇಟೆಯ ಬಣ್ಣದ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯತಕ್ಕವು. ಹೆಚ್ಚು ಬೇಕಾದುದು ತಾಳ್ಮೆ. ಅಡಿಕೆ ಸಸಿ ನೆಟ್ಟು ಫಸಲಿಗಾಗಿ ವರ್ಷಗಟ್ಟಲೆ ಕಾಯಬಲ್ಲ ನಮಗೆ ಒಂದು ಬೆಸುಗೆ ಒಣಗಲು ಎರಡು ದಿನ ಕಾಯುವುದು ದೊಡ್ಡದಲ್ಲ. ಮೊದಲ ಪ್ರಯೋಗವನ್ನು ಗಾಡಿಯ ಮೇಲೆ ಮಾಡದೆ ಗುಜರಿಯ ಒಂದು ತುಂಡಿನ ಮೇಲೆ ಮಾಡಿ, ಬೆಸುಗೆಯನ್ನು ಬಾಗಿಸಿ ಮುರಿಯಲು ಯತ್ನಿಸಿರಿ. ಬೆಸುಗೆ ಉಳಿದು ಪಕ್ಕದ ಪ್ಲಾಸ್ಟಿಕ್ ಬಾಗಿದರೆ ಕೈ ಕುದುರಿತೆಂದು ತಿಳಿದು ಫೇರಿಂಗಿಗೆ ಕೈ ಹಾಕಬಹುದು.